ಕರಾಂದೆ ಪಲ್ಯ

ನಾನು ಹುಟ್ಟಾ ಅಂಜುಬುರುಕಿ. ಗುಡುಗು, ಗ್ಯಾಸ್ ಸಿಲಿಂಡರು, ಹೊತ್ತಲ್ಲದ ಹೊತ್ತಿನಲ್ಲಿ ಬಾಗಿಲು ಬಡಿಯುವ ನೆಂಟರು, ಎಲ್ಲದಕ್ಕೂ ನನ್ನ ಎದೆ ಢವಢವ ಎನ್ನುತ್ತದೆ. ಮುಂಡಗೋಡದ ನನ್ನ ತವರಿನಲ್ಲಿ ಇದು ನಗೆಪಾಟಲಿನ ವಿಷಯ. ಆದರೆ ಆ ವರ್ಷ ನನಗೆ ಹಿಡಿದ ಅಂಜಿಕೆ ನಗುವಂಥದ್ದಾಗಿರಲಿಲ್ಲ. ಡಬ್ಬಿಯ ತಳಕ್ಕೆ ಚಮಚ ತಾಗಿದ ಸದ್ದು ಕೇಳಿದರೆ ಬೆಚ್ಚಿಬೀಳುತ್ತಿದ್ದೆ. ಬೇಳೆ ತೆಗೆಯುವಾಗ ಡಬ್ಬಿಯೊಳಗೆ ನೋಡುತ್ತಲೇ ಇರಲಿಲ್ಲ. ನೋಡದಿದ್ದರೆ ಇನ್ನೂ ಇದೆ ಅಂದುಕೊಳ್ಳಬಹುದಲ್ಲ, ಅದಕ್ಕೆ.

ನನ್ನ ಗಂಡನದು ಗಣೇಶಗುಡಿಯಲ್ಲಿ ರಾಫ್ಟಿಂಗ್ ಬೋಟಿನ ಕೆಲಸ. ಬೇರೆ ಊರುಗಳಿಂದ ಬಂದವರನ್ನು ರಬ್ಬರ್ ಬೋಟಿನಲ್ಲಿ ಕೂರಿಸಿ, ಹೊಳೆಯ ಸೆಳವಿನಲ್ಲಿ ಕಿರುಚಿಸಿ, ದಂಡೆಗೆ ತಂದು ಬಿಡುವುದು. ಹೆದರಿಕೊಳ್ಳಲು ದುಡ್ಡು ಕೊಡುವವರೂ ಇದ್ದಾರೆ ಎಂದು ನನಗೆ ಮದುವೆಯಾದ ಮೇಲೆಯೇ ಗೊತ್ತಾದದ್ದು. ಮಳೆ ಬಿತ್ತೆಂದರೆ ಬೋಟೂ ಬೋರಲು, ಪಗಾರವೂ ಬೋರಲು. ಆ ವರ್ಷ ಮಳೆ ನಿಂತ ಮೇಲೂ ಬೋಟು ನೀರಿಗಿಳಿಯುವುದು ತಡವಾಯಿತು. ಅವರು ಅಲ್ಲೇ ಒಂದು ಹೋಂಸ್ಟೇ ಅಡುಗೆಮನೆಯಲ್ಲಿ ಕೈಯಾಳಾಗಿ ನಿಂತರು. ಊಟ, ವಸತಿ ಹೋಂಸ್ಟೇಯವರದೇ. ಕೈಗೆ ಬರುತ್ತಿದ್ದದ್ದು ಅಷ್ಟಕ್ಕಷ್ಟೆ.

ಹಾಗಾಗಿ ದಾಂಡೇಲಿಯ ಅಂಬೇವಾಡಿಯ ಬಾಡಿಗೆ ಮನೆಯಲ್ಲಿ ಉಳಿದವರು ಮೂವರು: ನಾನು, ನನ್ನ ಅತ್ತೆ, ಎರಡನೆಯ ತರಗತಿಗೆ ಹೋಗುವ ನನ್ನ ಮಗಳು. ಅತ್ತೆ ಧಾರವಾಡ ಕಡೆಯವರು. ಮಾವ ಕಾಗದದ ಕಾರ್ಖಾನೆಯ ಕೆಲಸಕ್ಕೆಂದು ಇಲ್ಲಿಗೆ ಬಂದಾಗ ಜೊತೆಯಲ್ಲಿ ಬಂದವರು, ಮಾವ ತೀರಿಕೊಂಡ ಮೇಲೂ ಊರಿಗೆ ಮರಳಲಿಲ್ಲ. ಮನೆಯ ಕಿರಾಣಿಯ ಕಾರುಬಾರೆಲ್ಲ ಅವರದೇ. ಗಂಡ ಕಳಿಸಿದ್ದರಲ್ಲಿ ಬಾಡಿಗೆ, ಕರೆಂಟು ತೆಗೆದಿಟ್ಟು, ಉಳಿದದ್ದನ್ನು ಸೀರೆಯ ಸೆರಗಿನ ತುದಿಯಲ್ಲಿ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವರು. ಆ ಗಂಟೇ ನಮ್ಮ ತಿಂಗಳ ಬಜೆಟ್ಟು. ಅದು ದಿನದಿನಕ್ಕೆ ಸಣ್ಣದಾಗುವುದನ್ನು ನಾನು ಅವರ ಹಿಂದೆ ನಡೆಯುವಾಗೆಲ್ಲ ನೋಡುತ್ತಿದ್ದೆ. ಕೇಳುವ ಧೈರ್ಯವಿರಲಿಲ್ಲ. ನಮ್ಮ ಅತ್ತೆ ಮಾತಾಡಿದರೆ ಒಣಮೆಣಸಿನಕಾಯಿ ಹುರಿದಂತೆ, ಪಕ್ಕದ ಮನೆಯವರಿಗೂ ಕೆಮ್ಮು ಬರುತ್ತದೆ.

ಆದರೂ ದಿನಕ್ಕೊಮ್ಮೆ ತಡೆಯಲಾರದೆ ಕೇಳಿಬಿಡುತ್ತಿದ್ದೆ.

"ಅತ್ತೀ, ಈ ತಿಂಗಳ ಸಾಗತೈತೇನ್ರಿ?"

"ಸಾಗಸೂಣು. ನೀ ಬಾಯಿ ಬಡ್ಕೋಬ್ಯಾಡ," ಎನ್ನುವರು.

ಅಕ್ಕಿ ರೇಷನ್ನಿನಿಂದ ಬರುತ್ತಿತ್ತು, ಅದರ ಚಿಂತೆಯಿರಲಿಲ್ಲ. ಚಿಂತೆ ಇದ್ದದ್ದು ಜೋಳ, ಎಣ್ಣೆ, ಬೇಳೆ, ಕಾಯಿಪಲ್ಲೆಯದು. ಅತ್ತೆ ಒಂದು ಕಾನೂನು ಮಾಡಿದರು. ದೊಡ್ಡವರಿಗೆ ರೊಟ್ಟಿಗೆ ಅಗಸಿ ಹಿಂಡಿ, ಅಂದರೆ ಅಗಸೆಬೀಜದ ಚಟ್ನಿಪುಡಿ, ಇಲ್ಲವೇ ಅನ್ನಕ್ಕೆ ನೀರುಸಾರು. ಮಾಡಿದ ಪಲ್ಯ ಮೊದಲು ಮಗುವಿಗೆ, ಉಳಿದರೆ ನಮಗೆ. ಬೆಳೆಯುವ ಕೂಸು, ಅದರ ತಾಟು ಬರಿದಾಗಬಾರದು ಎಂಬುದು ಅವರ ಹಟ. ಈ ಒಂದು ವಿಷಯದಲ್ಲಿ ನನಗೂ ಅವರಿಗೂ ಜಗಳವಿರಲಿಲ್ಲ. ಇನ್ನೊಂದು ಕಾನೂನು ಅವರ ತವರಿನಿಂದಲೇ ಬಂದದ್ದು: ದೇವರಿಗೆ ನೈವೇದ್ಯ ತೋರಿಸುವ ಮುಂಚೆ ಅಡುಗೆಯ ರುಚಿ ನೋಡುವಂತಿಲ್ಲ. ಉಪ್ಪು ಖಾರ ಎಲ್ಲ ಕೈ ಅಂದಾಜು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಸಾರಿನ ಹನಿಯೊಂದನ್ನು ಅಂಗೈಗೆ ಹಾಕಿ ನೆಕ್ಕಿ, ಆಗ ತಿಂದ ಬೈಗುಳ ಇವತ್ತಿಗೂ ಕಿವಿಯಲ್ಲಿದೆ.

ಆ ಭಾನುವಾರ ಬೆಳಿಗ್ಗೆ ದಾಂಡೇಲಿ ಸಂತೆಗೆ ಹೋದೆವು. ದೀಪಾವಳಿ ಹತ್ತಿರ ಬಂದಿತ್ತು, ಕಾಯಿಪಲ್ಲೆಯ ದರ ಕೇಳಿದರೆ ಜ್ವರ ಬರುವಂತಿತ್ತು. ಬದನೆಕಾಯಿಯವನ ಮುಂದೆ ಅತ್ತೆ ಕೂತರು, ಎದ್ದರು. ಬೆಂಡೆಕಾಯಿಯವಳ ಮುಂದೆ ಕೂತರು, ಬೈದರು, ಎದ್ದರು. ನಾನು ಖಾಲಿ ಚೀಲ ಹಿಡಿದು ಹಿಂದೆ ಹಿಂದೆ. ಚೀಲ ಖಾಲಿಯೇ ಮನೆಗೆ ಹೋದರೆ ಏನು ಮಾಡುವುದು, ಇಡೀ ವಾರ ಮಗುವಿಗೆ ಏನು ಬಡಿಸುವುದು ಎಂದು ಲೆಕ್ಕ ಹಾಕುತ್ತಿದ್ದೆ.

ಸಂತೆಯ ಕೊನೆಗೆ, ಜೋಯಿಡಾ ಕಡೆಯ ಹೆಂಗಸರು ಗಡ್ಡೆ ಗೆಣಸು ಇಟ್ಟುಕೊಂಡು ಕೂರುವ ಜಾಗದಲ್ಲಿ, ಒಬ್ಬ ಮುದುಕಿ ಕುಳಿತಿದ್ದಳು. ಪಕ್ಕದವಳನ್ನು ಕೇಳಿದರೆ ಕುಂಬಾರವಾಡದಿಂದ ಬಸ್ಸು ಹಿಡಿದು ಬಂದವಳೆಂದೂ ಕನ್ನಡ ಬಾರದೆಂದೂ ಹೇಳಿದಳು. ಅವಳ ಮುಂದೆ ಆಲೂಗಡ್ಡೆಯನ್ನೇ ಹೋಲುವ ಕಂದು ಬಣ್ಣದ, ಮೈಯೆಲ್ಲ ಗಂಟುಗಂಟಾದ ಕಾಯಿಗಳ ರಾಶಿ. ಕರಾಂದೆ ಎಂದಳು. ಬಳ್ಳಿಯಲ್ಲಿ ಬಿಡುವ ಒಂದು ಜಾತಿಯ ಗೆಣಸು. ದರ ಕೇಳಿ ಅತ್ತೆಯ ಮುಖ ಅರಳಿತು. ಬದನೆಕಾಯಿಯ ಅರ್ಧಕ್ಕೂ ಕಡಿಮೆ.

"ಅತ್ತೀ, ನಮಗ ಇದು ಮಾಡೂದು ಗೊತ್ತಿಲ್ಲಲ್ರಿ," ಎಂದೆ. ನನಗೆ ಹೊಸ ಪದಾರ್ಥವೆಂದರೂ ಅಂಜಿಕೆಯೇ.

"ಬಟಾಟಿ ಇದ್ಧಂಗ ಐತಿ. ಬಟಾಟಿ ಮಾಡ್ಧಂಗ ಮಾಡೂದು," ಎಂದು ಅತ್ತೆ ಚೀಲ ತುಂಬತೊಡಗಿದರು.

ಮುದುಕಿ ಅವರ ಕೈ ಮುಟ್ಟಿ ತಡೆದಳು. "ಕೊಡು ಆಸಾ ಗೊ ಬಾಯ್, ಕೊಡು," ಎಂದಳು.

"ಕೊಡ್ತೇನಿ ತಡಿಯಬೇ! ಎಲ್ಲಿ ಓಡಿ ಹೊಂಟೇನಿ?" ಸೆರಗಿನ ಗಂಟು ಬಿಚ್ಚುತ್ತ ಅತ್ತೆ ರೇಗಿದರು.

ಮುದುಕಿ ಅಲ್ಲ ಅಲ್ಲ ಎಂದು ತಲೆ ಅಲ್ಲಾಡಿಸಿದಳು. ಬೆರಳುಗಳಿಂದ ಏನನ್ನೋ ಉದುರಿಸಿದಂತೆ ಸನ್ನೆ ಮಾಡಿ, "ಗೊಬರ್ ಘಾಲ್. ಗೊಬರ್ ಘಾಲ್ನ್ ಉಕಡ್," ಎಂದಳು. ಎರಡೆರಡು ಸಲ ಹೇಳಿದಳು.

"ಏನಂತಾಳ್ರಿ?" ಎಂದು ಕೇಳಿದೆ.

ಇಷ್ಟು ವರ್ಷ ದಾಂಡೇಲಿಯಲ್ಲಿದ್ದು ಕೊಂಕಣಿ ತಿಳಿಯದೇ ಎಂಬುದು ಅತ್ತೆಯ ಜಂಬ. "ಗೊಬ್ಬರ ಹಾಕಿ ಬೆಳಸೀನಿ ಅಂತಾಳ. ಸರಕಾರಿ ಗೊಬ್ಬರ ಅಲ್ಲ, ಸಗಣಿ ಗೊಬ್ಬರ. ಕೈಸನ್ನಿ ನೋಡಿದಿಲ್ಲೊ? ಕುದಿಸಿ ತಿನ್ರಿ ಅಂತಾಳ. ನಾವೇನ ಹಸೀದ ತಿಂತೀವೇನು?" ಎಂದು ನಕ್ಕು ದುಡ್ಡು ಎಣಿಸಿ ಕೊಟ್ಟರು. ಮುದುಕಿ ಮುಖ ನೋಡುತ್ತಲೇ ಇದ್ದಳು, ನಾವು ನಡೆದೆವು. ಚೀಲ ತುಂಬಿದ್ದಕ್ಕೆ ನನಗೆ ಸಮಾಧಾನವಾಗಿತ್ತು. ಬರುವಾಗ ದಾರಿಯುದ್ದಕ್ಕೂ ನಾನೇ ಚೀಲ ಹೊತ್ತೆ.

ಮನೆಗೆ ಬಂದು ಅತ್ತೆ ಸಿಪ್ಪೆ ಹೆರೆದು, ತೆಳ್ಳಗೆ ಹೆಚ್ಚಿ, ನೇರ ಒಗ್ಗರಣೆಗೆ ಹಾಕಿ ಮುಚ್ಚಳ ಮುಚ್ಚಿದರು. ಬೇರೆ ಪಾತ್ರೆಯಲ್ಲಿ ಕುದಿಸಿದರೆ ಗ್ಯಾಸು ದಂಡ. ಸ್ವಲ್ಪ ಹುಣಸೆಹಣ್ಣು, ಚೂರು ಬೆಲ್ಲ. ಮಗಳು ಬಾಗಿಲ ಹೊಸ್ತಿಲ ಮೇಲೆ ಕೂತು ಚಿತ್ರಕ್ಕೆ ಬಣ್ಣ ಹಚ್ಚುತ್ತಿದ್ದಳು.

"ಇದೊಂದು ಕೂಸಿಗಿ ಸೇರಿತಂದ್ರ ಎಂಟು ದಿನ ಕಾಯಿಪಲ್ಲೆ ಚಿಂತಿ ಇಲ್ಲ ನೋಡು," ಎಂದು ಸೌಟು ಆಡಿಸುತ್ತ ಅತ್ತೆ ನನಗೆ ಹೇಳಿದರು. "ಇನ್ನ ನೀ ಸಾಗತೈತೇನ್ರಿ ಅಂತ ನನ್ನ ಜೀವಾ ತಿನಬ್ಯಾಡ."

ನೈವೇದ್ಯವಾಯಿತು. ಮಗಳ ತಾಟಿಗೆ ರೊಟ್ಟಿ, ಪಲ್ಯ ಬಡಿಸಿದೆ. ಅವಳು ಮೊದಲ ತುತ್ತು ಬಾಯಿಗಿಟ್ಟು, ಅಗಿಯುವುದನ್ನು ನಿಲ್ಲಿಸಿ ಅಜ್ಜಿಯ ಮುಖ ನೋಡಿದಳು. ನಾನು ಅವಳ ಬಾಯನ್ನೇ ನೋಡುತ್ತಿದ್ದೆ. ಬೇಡ ಅಂದರೆ ಮುಗಿಯಿತು, ಚೀಲದಷ್ಟು ಕರಾಂದೆ, ಗಂಟಿನ ದುಡ್ಡು ಎಲ್ಲ ನೀರುಪಾಲು.

"ಹೆಂಗೈತಿ ಬಂಗಾರಿ?" ಎಂದು ಅತ್ತೆ ಕೇಳಿದರು.

"ಛಲೋ ಐತಿ ಆಯೀ," ಎಂದಳು. ಅವಳು ಅಜ್ಜಿಯನ್ನು ಕರೆಯುವುದು ಹಾಗೆ. ಬಡಿಸಿದ್ದನ್ನೆಲ್ಲ ತಿಂದು ನೀರು ಕುಡಿದು, "ಇನ್ನಷ್ಟು ಹಾಕು," ಎಂದು ತಾಟು ಚಾಚಿದಳು. ಅತ್ತೆ ಗೆದ್ದವರಂತೆ ನನ್ನ ಕಡೆ ನೋಡಿದರು. ನನಗೂ ಸಂತೋಷವಾಯಿತು, ಅದನ್ನು ಯಾಕೆ ಮುಚ್ಚಿಡಲಿ? ಉಳಿದದ್ದು ರಾತ್ರಿಗೂ ಅವಳಿಗೇ ಆಗಲಿ ಎಂದು ತೆಗೆದಿಟ್ಟು, ನಾವಿಬ್ಬರೂ ಅಗಸಿ ಹಿಂಡಿಯಲ್ಲಿ ಊಟ ಮುಗಿಸಿದೆವು. ನಾವು ಒಂದು ಚೂರೂ ಬಾಯಿಗೆ ಹಾಕಲಿಲ್ಲ.

ಮಧ್ಯಾಹ್ನ ಮಗಳು ಆಟಕ್ಕೆ ಹೋಗದೆ ಮಲಗಿದಳು. ಬಿಸಿಲಿಗೆ ದಣಿದಿರಬೇಕು ಎಂದುಕೊಂಡೆ. ಬಿಸಿಲು ಇಳಿಯುವ ಹೊತ್ತಿಗೆ ಹೊಟ್ಟೆ ಹಿಡಿದುಕೊಂಡು ಎದ್ದಳು. ಬಚ್ಚಲವರೆಗೂ ಹೋಗಲಾಗಲಿಲ್ಲ, ನಡುಮನೆಯಲ್ಲೇ ವಾಂತಿ. ಮತ್ತೆ ವಾಂತಿ. ಗಂಟಲು ಉರಿಯುತ್ತದೆ ಎಂದು ಕುತ್ತಿಗೆ ಉಜ್ಜಿಕೊಂಡಳು. ಮೈ ತಣ್ಣಗಾಗಿ ಬೆವರುತ್ತಿತ್ತು, ತುಟಿ ಬಿಳಿಚಿಕೊಂಡಿತ್ತು. ನಾನು ಕೂಗಿಕೊಂಡೆ. ನನ್ನ ಕೂಗು ನನಗೇ ಯಾರದೋ ಎನ್ನಿಸಿತು.

ಕೂಗು ಕೇಳಿ ಪಕ್ಕದ ಮನೆಯಾಕೆ ಓಡಿ ಬಂದಳು. ಆಕೆ ಹಳಿಯಾಳ ಕಡೆಯ ಸಿದ್ದಿ ಹೆಂಗಸು, ಕಟ್ಟಡದ ಕೆಲಸಕ್ಕೆ ಹೋಗುವವಳು. ಮನೆಯೊಳಗೆ ಕೊಂಕಣಿ, ಹೊರಗೆ ನಮ್ಮಂತೆಯೇ ಕನ್ನಡ. ಅಂಗಳದ ಬುಟ್ಟಿಯಲ್ಲಿದ್ದ ಸಿಪ್ಪೆ ನೋಡಿದವಳೇ ನಿಂತುಬಿಟ್ಟಳು.

"ಕರಾಂದೆ ಮಾಡಿದ್ರೇನ್ರಿ? ಬೂದಿ ಹಾಕಿ ಕುದಿಸಿದ್ರಿ?"

"ಬೂದಿ ಯಾಕ?" ಎಂದರು ಅತ್ತೆ.

"ಮಾರಿದಾಕಿ ಹೇಳ್ಲಿಲ್ಲೇನ್ರಿ? ಒಲಿ ಬೂದಿ ಹಾಕಿ ಕುದಿಸಿ ಆ ನೀರು ಚೆಲ್ಲಬೇಕು. ಇಲ್ಲಂದ್ರ ಮೈಯಾಗ ವಿಷ ಆಕ್ಕೈತಿ."

"ಬೂದಿ ಗೀದಿ ಹೇಳ್ಲಿಲ್ಲ. ಗೊಬ್ಬರ, ಗೊಬ್ಬರ ಅಂತ..." ಎನ್ನುತ್ತ ಅತ್ತೆ ಸಿಪ್ಪೆಯ ಬುಟ್ಟಿಯ ಕಡೆ ನೋಡಿದರು.

"ಗೊಬರ್ ಅಂದ್ರ ನಮ್ಮ ಮಾತಿನ್ಯಾಗ ಬೂದಿ ರೀ."

"ಕೊಡು ಅಂದ್ರ?" ಎಂದು ಕೇಳಿದವಳು ನಾನು.

"ಕೊಡು ಅಂದ್ರ ಕಹಿ."

ಅತ್ತೆ ಒಳಗೆ ಹೋದರು. ರಾತ್ರಿಗೆಂದು ತೆಗೆದಿಟ್ಟಿದ್ದ ಪಲ್ಯದಿಂದ ಒಂದು ಹೋಳು ತೆಗೆದು ಬಾಯಿಗೆ ಹಾಕಿದ್ದನ್ನು ನಾನು ನೋಡಿದೆ. ಹಾಕಿದವರೇ ಬಚ್ಚಲಿಗೆ ಓಡಿ ಉಗುಳಿದರು. ಬೆಲ್ಲ, ಹುಣಸೆಹಣ್ಣು ಯಾವುದರಿಂದಲೂ ಆ ಕಹಿ ತಗ್ಗಿರಲಿಲ್ಲ. ಹೊರಬಂದು, ಯಾರನ್ನೂ ನೋಡದೆ, "ಇದನ್ನ ಹೆಂಗ ತಿಂತು ಈ ಕೂಸು?" ಎಂದರು.

ಪಕ್ಕದ ಮನೆಯಾಕೆಯೇ ಆಟೋ ಕರೆತಂದಳು. ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ದವಾಖಾನೆಗೆ ಹೊರಟೆವು. ದಾರಿಯಲ್ಲಿ ಗಂಡನಿಗೆ ಫೋನು ಹಚ್ಚಿದೆ, ಗಣೇಶಗುಡಿಯಲ್ಲಿ ಸಿಗ್ನಲ್ಲಿಲ್ಲ. ಮತ್ತೆ ಹಚ್ಚಿದೆ, ಮತ್ತೆ ಹಚ್ಚಿದೆ. ಅತ್ತೆ ಪಕ್ಕದಲ್ಲಿ ಕೂತು ಮಗುವಿನ ಪಾದ ಉಜ್ಜುತ್ತಿದ್ದರು. ಇಷ್ಟು ದಿನ ಬೇಳೆಗೆ, ಎಣ್ಣೆಗೆ ಅಂಜಿದ್ದೆನಲ್ಲ, ಅದೆಲ್ಲ ಅಂಜಿಕೆಯೇ ಅಲ್ಲ ಎಂದು ಆ ಆಟೋದಲ್ಲಿ ತಿಳಿಯಿತು. ಮಗಳ ಕಣ್ಣು ಮುಚ್ಚಿದಾಗಲೆಲ್ಲ ಅವಳ ಕೆನ್ನೆ ತಟ್ಟುತ್ತಿದ್ದೆ. ದೇವರೇ, ಇವಳೊಬ್ಬಳನ್ನು ಉಳಿಸು, ನಾನು ಜನ್ಮಪೂರ್ತಿ ನೀರುಸಾರು ಉಣ್ಣುತ್ತೇನೆ ಎಂದು ಬೇಡಿಕೊಂಡೆ.

ದವಾಖಾನೆಯಲ್ಲಿ ಡಾಕ್ಟರು ವಯಸ್ಸಿನಲ್ಲಿ ನನಗಿಂತ ಚಿಕ್ಕವಳು. ಸಲೈನ್ ಹಚ್ಚಿದಳು, ನಾಡಿ ನೋಡಿದಳು, ಕಣ್ಣು ಬಿಡಿಸಿ ನೋಡಿದಳು. ನಾವು ಕರಾಂದೆಯ ಕಥೆ ಹೇಳಿದೆವು. ನಡುನಡುವೆ ಪ್ರಶ್ನೆ ಕೇಳುತ್ತ ಪೂರ್ತಿ ಕೇಳಿಸಿಕೊಂಡು ಹುಬ್ಬು ಗಂಟಿಕ್ಕಿದಳು.

"ಕಹಿ ಗಡ್ಡಿ ಅಂತೀರಿ. ಮಕ್ಕಳು ಕಹಿ ಇದ್ದದ್ದು ಒಂದು ತುತ್ತು ತಿಂದ್ರ ಉಗಳತಾವು. ಇದು ಎರಡು ಸಲ ಹಾಕಿಸ್ಕೊಂಡು ತಿಂದೈತಿ ಅಂತೀರಿ. ಬ್ಯಾರೆ ಏನರ ಬಾಯಾಗ ಹಾಕ್ಕೊಂಡೈತೇನು? ಇಲಿ ಔಷಧ, ಗುಳಿಗಿ, ಫಿನೈಲ್? ನೆನಪು ಮಾಡ್ಕೊಂಡು ಹೇಳ್ರಿ, ಅದಕ್ಕ ಬ್ಯಾರೆ ಔಷಧ ಕೊಡಬೇಕಾಗತೈತಿ."

ನಮ್ಮ ಮನೆಯ ಮೂಲೆಯಲ್ಲಿ ಇಲಿ ಔಷಧವಿತ್ತು. ಕಪಾಟಿನಲ್ಲಿ ಅತ್ತೆಯ ಬಿಪಿ ಗುಳಿಗೆಗಳಿದ್ದವು. ಬೆಳಿಗ್ಗೆ ನಾವು ಸಂತೆಗೆ ಹೋದಾಗ ಮಗಳು ಓಣಿಯ ಮಕ್ಕಳ ಜೊತೆ ಆಡಿಕೊಂಡಿದ್ದಳು. ಯಾವ ಮನೆಯಲ್ಲಿ ಏನು ಬಾಯಿಗೆ ಹಾಕಿಕೊಂಡಳೋ ಯಾರಿಗೆ ಗೊತ್ತು?

ಡಾಕ್ಟರು ಮಗಳ ಮೇಲೆ ಬಗ್ಗಿ ಕೇಳಿದಳು. "ಪುಟ್ಟೀ, ಮಧ್ಯಾಹ್ನ ತಿಂದಿಯಲ್ಲ ಪಲ್ಯ, ಅದು ಕಹಿ ಇತ್ತೇನು?"

ಮಗಳು ಅಜ್ಜಿಯ ಮುಖ ನೋಡಿದಳು. ಆಮೇಲೆ ನನ್ನ ಮುಖ. "ಇಲ್ಲ. ಛಲೋ ಇತ್ತು," ಎಂದಳು.

"ನಾನ ಬಾಯಾಗ ಹಾಕಿ ನೋಡೇನ್ರಿ, ವಿಷ ಇದ್ಧಂಗ ಇತ್ತು!" ಎಂದು ಅತ್ತೆ ಕೂಗಿದರು. "ಕರೆ ಹೇಳವ್ವಾ, ಬಂಗಾರಿ, ಆಯಿ ಬೈಯಂಗಿಲ್ಲ."

"ಛಲೋ ಇತ್ತು ಆಯೀ." ದನಿ ಕ್ಷೀಣವಾಗಿತ್ತು, ಆದರೆ ಮಾತು ಬದಲಾಗಲಿಲ್ಲ.

ಡಾಕ್ಟರು ನನ್ನ ಕಡೆ ತಿರುಗಿ, ಮನೆಗೆ ಯಾರನ್ನಾದರೂ ಕಳಿಸಿ ಔಷಧಗಳನ್ನೆಲ್ಲ ನೋಡಿ ಬರಲು ಹೇಳಿದಳು. ಪಕ್ಕದ ಮನೆಯಾಕೆ ಓಡಿದಳು. ಆಕೆ ಬರುವವರೆಗೆ ಕಾಯುವ ತಾಳ್ಮೆ ನನಗಿರಲಿಲ್ಲ. ಅತ್ತೆಯನ್ನು ಹೊರಗೆ ಕಳಿಸಿ, ಮಗಳ ತಲೆಯ ಹತ್ತಿರ ತಲೆಯಿಟ್ಟು ಮಲಗಿದಂತೆ ಬಗ್ಗಿದೆ. ಸಿಟ್ಟೂ ಬಂದಿತ್ತು, ಅಳುವೂ ಬಂದಿತ್ತು. ಹೊಡೆಯಬೇಕೆನಿಸಿತು, ಎದೆಗೊತ್ತಿಕೊಳ್ಳಬೇಕೆನಿಸಿತು.

"ಯಾರೂ ಇಲ್ಲ ನೋಡು. ಅವ್ವಗ ಒಬ್ಬಾಕಿಗೇ ಹೇಳು. ಕಹಿ ಇತ್ತೋ ಇಲ್ಲೋ?"

ಅವಳು ಕತ್ತು ಹೊರಳಿಸಿ, ಅಜ್ಜಿ ಇದ್ದಾರೆಯೇ ಎಂದು ಬಾಗಿಲ ಕಡೆ ನೋಡಿದಳು.

"ಇತ್ತು," ಎಂದಳು ಕೊನೆಗೆ. "ಭಾಳ ಇತ್ತು."

"ಮತ್ತ ಯಾಕ ತಿಂದಿ?"

"ಆಯಿ ಅಂದ್ಳಲ್ಲ, ನನಗ ಸೇರಿತಂದ್ರ ಎಂಟು ದಿನ ಚಿಂತಿ ಇಲ್ಲ ಅಂತ." ಉಸಿರೆಳೆದುಕೊಂಡು ಮತ್ತೆ ಹೇಳಿದಳು. "ಎರಡನೇ ಸಲ ಹಾಕಿಸ್ಕೊಂಡ್ರ ನೀ ಖುಷಿ ಆಕ್ಕಿ ಅಂತ ಗೊತ್ತಿತ್ತು. ನೀನೂ ಖುಷಿ ಆದಿ."

ನಾನು ಎದ್ದು ಹೋಗಿ ಡಾಕ್ಟರಿಗೆ ಹೇಳಿದೆ. ಹೇಗೆ ಹೇಳಿದೆನೋ ನೆನಪಿಲ್ಲ. ಆಕೆ ತಲೆಯಾಡಿಸಿ, ಹಾಗಾದರೆ ಆ ಗಡ್ಡೆಯದೇ ಇರಬೇಕು, ವಾಂತಿಯಾಗಿ ಬಹುಪಾಲು ಹೊರಗೆ ಹೋಗಿದೆ, ಬೆಳಗಿನವರೆಗೆ ಇಲ್ಲೇ ಇಟ್ಟುಕೊಂಡು ನೋಡೋಣ ಎಂದಳು. ಪಕ್ಕದ ಮನೆಯಾಕೆ ಬಂದು ಇಲಿ ಔಷಧದ ಪೊಟ್ಟಣ, ಗುಳಿಗೆಗಳು ಎಲ್ಲ ಇದ್ದಲ್ಲೇ ಇವೆ ಎಂದಳು. ಹೊರಗಿನ ಬೆಂಚಿನ ಮೇಲಿದ್ದ ಅತ್ತೆಗೆ ಮಗಳ ಮಾತು ಹೇಳಲೋ ಬೇಡವೋ ಎಂದು ನಿಂತೆ. ಹೇಳಿದೆ. ಅವರು ಸೆರಗು ಬಾಯಿಗೊತ್ತಿಕೊಂಡು ಗೋಡೆಯ ಕಡೆ ತಿರುಗಿ ಕೂತರು.

ತಡರಾತ್ರಿ ಗಂಡನಿಗೆ ಫೋನು ಸಿಕ್ಕಿತ್ತು, ಬೆಳಿಗ್ಗೆ ಮೊದಲ ಬಸ್ಸಿಗೆ ಬಂದರು. ಅಷ್ಟರಲ್ಲಿ ಮಗಳು ಎದ್ದು ಕೂತು ಚಾ ಬೇಕೆಂದಿದ್ದಳು. ಎಲ್ಲರೂ ಒಟ್ಟಿಗೆ ಮನೆಗೆ ಬಂದೆವು. ಉಳಿದ ಕರಾಂದೆಯನ್ನು ಪಕ್ಕದ ಮನೆಯಾಕೆಗೆ ಕೊಟ್ಟೆವು. ಆಕೆ ಬೂದಿ ಹಾಕಿ ಕುದಿಸಿ, ಬಸಿದು, ಉಪ್ಪು ಹಚ್ಚಿ ಒಂದು ತಾಟಿನಲ್ಲಿ ತಂದುಕೊಟ್ಟಳು. ರುಚಿಯಾಗಿದೆಯೆಂದು ಗಂಡ ಹೇಳಿದರು. ನಾನು ಮುಟ್ಟಲಿಲ್ಲ, ಅತ್ತೆಯೂ ಮುಟ್ಟಲಿಲ್ಲ.

ಆಮೇಲೆ ಬೋಟು ನೀರಿಗಿಳಿಯಿತು, ಪಗಾರ ಬಂತು, ಡಬ್ಬಿಗಳು ತುಂಬಿದವು. ಅತ್ತೆ ಈಗ ಕಿರಾಣಿಯ ಮಾತನ್ನು ಮಗಳ ಮುಂದೆ ಎತ್ತುವುದಿಲ್ಲ. ನಾವಿಬ್ಬರೂ ಹಿತ್ತಲಿಗೆ ಹೋಗಿ ಪಿಸುಗುಟ್ಟುತ್ತೇವೆ, ಕಳ್ಳರ ಹಾಗೆ. ಇದೆಲ್ಲ ಮಗಳಿಗೆ ತಿಳಿಯದು ಎಂದುಕೊಳ್ಳಲು ನನಗೆ ಬಹಳ ಆಸೆ. ಈಗ ಅವಳು ನಾಲ್ಕನೆಯ ತರಗತಿ. ನಿನ್ನೆ ಬದನೆಕಾಯಿ ಪಲ್ಯ ಮಾಡಿದ್ದೆ, ಎಣ್ಣೆ ಕೈಬಿಚ್ಚಿ ಹಾಕಿದ್ದೆ, ರುಚಿ ನೋಡಿಯೇ ಬಡಿಸಿದ್ದೆ. ಅವಳು ಎರಡು ತುತ್ತು ತಿಂದು, ತಲೆಯೆತ್ತಿ, ನನ್ನ ಮುಖ ನೋಡಿ ನಕ್ಕು, "ಛಲೋ ಆಗೇತಿ ಅವ್ವಾ, ಇನ್ನಷ್ಟು ಹಾಕು," ಎಂದಳು. ಅವಳಿಗೆ ನಿಜವಾಗಿಯೂ ಸೇರಿತ್ತೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ಆದರೂ ಇನ್ನೊಂದು ಸೌಟು ಬಡಿಸಿದೆ.